ಮನೆ ನೋಡಲು ಬಂದವರು

ಮಗಳ ನರ್ಸಿಂಗ್ ಕಾಲೇಜಿನ ಫೀಸು ವರ್ಷಕ್ಕೆ ಎಂಬತ್ತು ಸಾವಿರ. ರೊಟ್ಟಿ ಬಡಿದು ಮಾರುವ ನೀಲವ್ವನಿಗೆ ಮನೆಖರ್ಚು ಕಳೆದು ವರ್ಷಕ್ಕೆ ಉಳಿಯುತ್ತಿದ್ದುದು ಹತ್ತು ಸಾವಿರ. ಮಿಕ್ಕಿದ್ದನ್ನು ನಾವು ಕೊಡುತ್ತೇವೆ, ಆದರೆ ಮೊದಲು ಮನೆಯ ಸ್ಥಿತಿ ನೋಡಬೇಕು ಎಂದಿದ್ದರು ಟ್ರಸ್ಟಿನವರು.

“ಮನಿಗೆ ಬಂದೋರನ್ನ ನೆಲದ ಮ್ಯಾಲೆ ಕುಂದರಸ್ತೀ ಏನವಾ?” ಎಂದು ಪಕ್ಕದ ಮನೆಯ ಶಾವಂತ್ರಕ್ಕ ತನ್ನ ಸೋಫಾ, ಕುರ್ಚಿ, ಪಿಂಗಾಣಿ ಕಪ್ಪುಗಳನ್ನು ತಂದಿಟ್ಟಳು. ಕೇಳದಿದ್ದರೂ ಟಿವಿಯನ್ನೂ ತಂದಳು.

ಟ್ರಸ್ಟಿನವರು ಸೋಫಾದಲ್ಲಿ ಕೂತು ಚಹಾ ಕುಡಿದರು. “ಇವೆಲ್ಲ ನಿಮ್ಮವೇನ್ರೀ?”

“ಖರೇ ಹೇಳಬೇ,” ಎಂದು ಮಗಳು ಕಸ್ತೂರಿ ಹಿಂದಿನಿಂದ ಸೆರಗು ಜಗ್ಗಿದಳು.

ಬಂದವರಿಗೆ ಕಡ ತಂದ ಕಪ್ಪಿನಲ್ಲಿ ಚಹಾ ಕೊಟ್ಟೆ ಎನ್ನಲು ನೀಲವ್ವನಿಗೆ ಬಾಯಿ ಬರಲಿಲ್ಲ. ಬಾಗಿಲಲ್ಲಿ ಶಾವಂತ್ರಕ್ಕ ಬೇರೆ ನಿಂತಿದ್ದಳು.

“ಹೌದ್ರೀ, ನಮ್ಮವ.”

“ಹಂಗಾದ್ರ ನಿಮಗ ಅಷ್ಟೇನು ಅಡಚಣಿ ಇಲ್ಲ ಬಿಡ್ರಿ. ಚಹಾ ಚಲೋ ಆಗೇತಿ.”

ಅವರು ಎದ್ದು, ಆ ಓಣಿಯಲ್ಲಿ ಅರ್ಜಿ ಹಾಕಿದ್ದ ಇನ್ನೊಂದು ಮನೆಗೆ ಹೋದರು.

ಆ ವರ್ಷದ ನೆರವು ಶಾವಂತ್ರಕ್ಕನ ಮಗಳಿಗೆ ಸಿಕ್ಕಿತು. ಅವರ ಮನೆಯಲ್ಲಿ ಅಂದು ಕೂರಲು ಒಂದು ಕುರ್ಚಿಯೂ ಇರಲಿಲ್ಲ.