ತೇಪೆ ತಲೆಯ ಸಾಕ್ಷಿ

ಬುರುಡೆಗೆ ಹಾಕಿದ ತೇಪೆ ಕರಗಿ, ಅಲ್ಲಿ ಸ್ವಂತ ಎಲುಬು ತುಂಬುವವರೆಗೆ ಯಾರೂ ಸಾಕ್ಷಿ ಹೇಳುವಂತಿಲ್ಲ ಎಂಬುದು ಎಲ್ಲರೂ ಬಲ್ಲ ಕಾನೂನು. ಆದರೂ ಹುಲಿಗೆವ್ವ ಸೆರಗು ಸರಿಸಿ ಪರೀಕ್ಷೆಯ ದೀಪಕ್ಕೆ ತಲೆಯೊಡ್ಡಿದಳು. ಕಲ್ಲುಕ್ವಾರಿಯಲ್ಲಿ ಮದ್ದು ಸಿಡಿದ ದಿನ ಅವಳ ತಲೆ ಒಡೆದಿತ್ತು, ತಂಗಿ ಸತ್ತಿದ್ದಳು. ನೆತ್ತಿಯ ಮೇಲೆ ಅಂಗೈಯಗಲದ ತೇಪೆ ಹಸಿರಾಗಿ ಹೊಳೆಯಿತು.

"ಇನ್ನೂ ಅರ್ಧನೂ ಕರಗಿಲ್ಲವ್ವಾ. ಕರಗಿದ ಮ್ಯಾಲೆ ಬಾ," ಎಂದರು ವಿಚಾರಣೆಗೆ ಕುಳಿತ ಹಿರಿಯರು.

"ಅಷ್ಟರಾಗ ನನ್ನ ತಂಗಿ ಕೇಸ ಕರಗಿ ಹೋಗತೈತ್ರಿ."

ಕ್ವಾರಿಯ ಮಾಲೀಕ ಶಿವಸಂಗಪ್ಪ ನಕ್ಕ. "ಯಾವದೋ ಕಂಪನಿ ಮಾಡಿದ ತಲಿ ಇಟಗೊಂಡಾಕಿ ಮಾತು ಯಾರು ನಂಬಬೇಕು?"

ಹುಲಿಗೆವ್ವ ಅವನ ಬಾಯಿಯನ್ನೇ ನೋಡಿದಳು. "ಸಾವಕಾರ್ರ, ನಿಮ್ಮ ಹಲ್ಲಿನ ಸೆಟ್ ಹುಬ್ಬಳ್ಳಿಯಿಂದ ಬಂದದ್ದು. ನನ್ನ ತೇಪೆ ಇವತ್ತಲ್ಲ ನಾಳೆ ನನ್ನ ಎಲುಬ ಆಗತೈತಿ. ಆ ಹಲ್ಲು ಎಂದಾರ ನಿಮ್ಮವು ಆಗತಾವೇನ್ರಿ? ಅವನ್ನ ತೆಗೆದಿಟ್ಟು ಮಾತಾಡ್ರಿ, ನಾ ಸುಮ್ಮನ ಮನಿಗೆ ಹೋಗ್ತೀನಿ."

ಜನ ಗೊಳ್ಳೆಂದರು. ಶಿವಸಂಗಪ್ಪ ತುಟಿ ಬಿಗಿದುಕೊಂಡ. ಹಿರಿಯರು ನಾಲಿಗೆಯಿಂದ ತಾವೂ ಕಟ್ಟಿಸಿಕೊಂಡಿದ್ದ ಹಲ್ಲುಗಳನ್ನು ತಡವಿಕೊಂಡು, ದೀಪ ಆರಿಸಲು ಸನ್ನೆ ಮಾಡಿದರು.

"ಹೇಳವ್ವಾ."

"ಮದ್ದು ಸಿಡಿಸೂ ಮುಂದ ಸೀಟಿ ಊದಲಿಲ್ರಿ," ಎಂದಳು ಹುಲಿಗೆವ್ವ. "ಊದಿದ್ರ ಕೆಲಸ ನಿಲ್ಲತೈತಿ, ಊದಬ್ಯಾಡ ಅಂತ ಈ ಸಾವಕಾರ್ರ ಅಂದ್ರು. ನಾ ಬಾಜೂಕ ನಿಂತು ಕೇಳೀನಿ."