ತಂಗಿಯ ಪಾಲು

ಬರೀ ಎಲೆ ತುಂಬಿದ ಹೇಜಲ್‌ನಟ್ ಕೊಂಬೆಯೊಂದನ್ನು ರೆಜಾಯಿ ತಂಗಿಯ ಅಡುಗೆಮನೆಯ ಮೇಜಿನ ಮೇಲೆ ಎಸೆದ. ಹಾಜೆರ್ ತಿರುಗಿಯೂ ನೋಡದೆ ಒಲೆಗೆ ಸೌದೆ ತುರುಕಿದಳು. ಮೇಲೆ ಮೆಕ್ಕೆಜೋಳದ ರೊಟ್ಟಿ ಬೇಯುತ್ತಿತ್ತು.

“ಇಡೀ ಗುಡ್ಡದಲ್ಲಿ ಒಂದು ಗೊಂಚಲೂ ಕಟ್ಟಿಲ್ಲ ಕಣೇ. ಅಪ್ಪ ಅಷ್ಟು ಆಸೆಪಟ್ಟು ತಂದ ಹೊಸ ತಳಿ. ಸಸಿ ಕೊಟ್ಟೋರು ಬಂದು ನೋಡಿ, ಪರಾಗ ಕೊಡೋ ಮರ ಎಲ್ಲಿ, ಅದಿಲ್ದೆ ಕಾಯಿ ಹೇಗೆ ಕಟ್ಟುತ್ತೆ ಅಂತಾರೆ.”

“ಆ ಮರಗಳೇ ನನ್ನ ಪಾಲಿನ ಸಾಲು,” ಎಂದಳು ಹಾಜೆರ್.

ಅಪ್ಪ ಸತ್ತ ಮೇಲೆ ಒರ್ದು ಪೇಟೆಯ ತನ್ನ ಅಂಗಡಿಯಿಂದ ಬಂದು ಪಾಲು ಮಾಡಿದವನು ರೆಜಾಯಿಯೇ. ಗುಡ್ಡವನ್ನೆಲ್ಲ ತಾನಿಟ್ಟುಕೊಂಡು, ಬೇಲಿಯಂಚಿನ ಒಂದು ಸಾಲನ್ನು ತಂಗಿಗೆ ಬಿಟ್ಟಿದ್ದ. ಅವಳು ಏನೋ ಹೇಳಹೊರಟಾಗ, ಗಂಡಸರು ಮಾತಾಡುವಾಗ ಬಾಯಿ ಹಾಕಬೇಡ ಎಂದಿದ್ದ. ಸರಿಯಾಗಿ ಕಾಯಿ ಬಿಡದ ಮರಗಳು, ಕಡಿದು ಒಲೆಗೆ ಹಾಕ್ಕೋ ಎಂದು ನಕ್ಕೂ ಇದ್ದ.

“ನಿಂಗೆ ಗೊತ್ತಿತ್ತಾ?”

“ಅಪ್ಪನ ಜೊತೆ ಅವನ್ನ ನೆಟ್ಟಿದ್ದೇ ನಾನಲ್ವಾ ಅಣ್ಣ. ಹೇಳೋಕೆ ಬಂದೆ, ನೀನು ಬಿಡ್ಲಿಲ್ಲ.”

ರೆಜಾಯಿ ಒಲೆಯೊಳಗೆ ನೋಡಿದ. ಹಾಜೆರ್ ರೊಟ್ಟಿ ಮುರಿದು ತಟ್ಟೆಗಿಟ್ಟು ಅವನ ಮುಂದೆ ತಳ್ಳಿದಳು.

“ಕೂತ್ಕೊಂಡು ತಿನ್ನು. ನೀನು ಕೊಟ್ಟ ಪಾಲಲ್ಲೇ ಬೆಂದಿರೋದು.”