ಸಾಕ್ಷಿಗೆ ಹೊಲಿದ ಕೋಟು

“ಅಮ್ಮನ ಕೊನೇ ಗಳಿಗೆಯಲ್ಲಿ ನಾನು ಆಕೆಯ ಮಂಚದ ಪಕ್ಕ ಮೊಣಕಾಲೂರಿ, ಪಾದದ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆ...” ಎಂದು ತಮ್ಮ, ಅಕ್ಕನ ಹೊಲಿಗೆ ಅಂಗಡಿಯ ಕನ್ನಡಿಗೆ ಹೇಳುತ್ತಿದ್ದ. ಅವನ ಹೊಸ ಕೋಟಿನ ಬೆನ್ನು ಹಿಡಿದು ನಿಂತಿದ್ದ ಅಕ್ಕನ ತುಟಿಗಳ ನಡುವೆ ಗುಂಡುಸೂಜಿಗಳಿದ್ದವು. ದರ್ಜಿಯ ಬಾಯಲ್ಲಿ ಸೂಜಿಯಿರುವಷ್ಟು ಹೊತ್ತು ಗಿರಾಕಿ ಏನು ಬೇಕಾದರೂ ಹೇಳಿ ದಕ್ಕಿಸಿಕೊಳ್ಳಬಹುದು. ತಮ್ಮನಿಗೆ ಇದು ಚಿಕ್ಕಂದಿನಿಂದ ಗೊತ್ತು. ಅಮ್ಮನೂ ಇದೇ ಕನ್ನಡಿಯ ಮುಂದೆ ಹೊಲಿದು ಇವರಿಬ್ಬರನ್ನು ಸಾಕಿದವಳು.

ಬರುವ ಭಾನುವಾರ ಚರ್ಚಿನಲ್ಲಿ ಅವನ ಸಾಕ್ಷಿ. ದಾರಿ ತಪ್ಪಿದವನು ನಂಬಿಕೆಗೆ ಮರಳಿದ ಕಥೆಯನ್ನು ಎಲ್ಲರೆದುರು ಹೇಳಬೇಕು, ವಿಡಿಯೋ ಬೇರೆ ಮಾಡುತ್ತಾರೆ. ಅದಕ್ಕೇ ಈ ಕಡುನೀಲಿ ಕೋಟು. ದಾರಿ ತಪ್ಪಿದ್ದಾಗಲೂ ಅವನಿಗೆ ಬಟ್ಟೆ ಹೊಲಿದುಕೊಟ್ಟವಳು ಅಕ್ಕನೇ. ದೇವರಿಲ್ಲ ಎಂದು ಸಭೆ ಸಭೆಯಲ್ಲೂ ಮೇಜು ಕುಟ್ಟುತ್ತಿದ್ದ ಕಾಲದಲ್ಲಿ ಕಪ್ಪು ಅಂಗಿ ಕೇಳಿದ್ದ. ಚಪ್ಪಾಳೆ ಕಡಿಮೆಯಾಗುತ್ತಿದ್ದಂತೆ, ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು ಎನ್ನುವವರ ಗುಂಪಿಗೆ ಜಾರಿಕೊಂಡ. ಆಗ ಬೂದುಬಣ್ಣದ ಅಂಗಿ. ಆ ದಿನಗಳಲ್ಲಿ ಚಹಾಕ್ಕೆ ಸಕ್ಕರೆ ಹಾಕಲೇ ಎಂದರೂ, ಇದನ್ನು ಯಾರು ತಾನೇ ಖಚಿತವಾಗಿ ಹೇಳಬಲ್ಲರು ಎಂಬಂಥ ಮುಖ ಮಾಡುತ್ತಿದ್ದ. ದೇವರು ಬಂದ, ಹೋದ, ಮತ್ತೆ ಬಂದ. ಎದುರಿಗೆ ಕುರ್ಚಿಗಳ ಸಾಲು ಬೇಕೆನ್ನುವ ಚಟ ಮಾತ್ರ ಒಂದು ದಿನವೂ ಅವನನ್ನು ಬಿಟ್ಟುಹೋಗಲಿಲ್ಲ.

ಅಕ್ಕ ಸೂಜಿಗಳನ್ನು ಅಂಗೈಗೆ ಉಗಿದಳು. “ನೀನೆಲ್ಲಿ ಮೊಣಕಾಲೂರಿದ್ಯೋ? ಆಸ್ಪತ್ರೆ ಮೆಟ್ಟಿಲ ಮೇಲೆ ಕೂತಿದ್ದೆ!”

ಆ ಮಧ್ಯಾಹ್ನ ಅಮ್ಮ, ಮಂಜಾದ ಕಣ್ಣಿನಿಂದ ಮಗನನ್ನು ಹುಡುಕುತ್ತ, ಒಂದೇ ಒಂದು ಪ್ರಾರ್ಥನೆ ಮಾಡು ಕಂದಾ ಎಂದು ಕೇಳಿದ್ದಳು. ಸಾಯುವವರೆದುರು ಸುಳ್ಳಾಡುವುದು ತನ್ನ ತತ್ವಕ್ಕೆ ಒಗ್ಗುವುದಿಲ್ಲ ಎಂದು ಅಕ್ಕನ ಕಿವಿಯಲ್ಲಿ ಹೇಳಿ ಇವನು ಎದ್ದುಹೋದ. ಅಕ್ಕನ ನಂಬಿಕೆ ಯಾವಾಗಲೋ ಸದ್ದಿಲ್ಲದೆ ಹೋಗಿತ್ತು. ಅವಳು ಅದರ ಮೇಲೆ ಭಾಷಣ ಮಾಡಿರಲಿಲ್ಲ, ಅಷ್ಟೇ. ಅಮ್ಮನಿಗೆ ಇಷ್ಟವಾದ ಕೀರ್ತನೆಯನ್ನು ಅವಳೇ ತಡವರಿಸುತ್ತ ಹೇಳಿದಳು. ಅಮ್ಮ, “ತಮ್ಮ ಎಲ್ಲಿ?” ಎಂದಳು. ಅಕ್ಕ ತನ್ನದೇ ಕೈಯನ್ನು ಅಮ್ಮನ ಪಾದದ ಮೇಲಿಟ್ಟು, “ಇಗೋ, ಇಲ್ಲೇ ಕೂತಿದಾನೆ, ಮನಸ್ಸಲ್ಲೇ ಪ್ರಾರ್ಥನೆ ಮಾಡ್ತಿದಾನೆ” ಎಂದಳು. ಅಮ್ಮ ಕಣ್ಣು ಮುಚ್ಚಿದಳು. ಸೂಜಿ ಚುಚ್ಚಿ ಒರಟಾದ ಬೆರಳು ಯಾರದೆಂದು ಜೀವಮಾನವಿಡೀ ಹೊಲಿದವಳಿಗೆ ತಿಳಿಯದೇ ಇರುತ್ತದೆಯೇ ಎಂದು ಅಕ್ಕ ಇಂದಿಗೂ ಕೇಳಿಕೊಳ್ಳುತ್ತಾಳೆ. ಎಲ್ಲ ಮುಗಿದ ಮೇಲೆ ಮೆಟ್ಟಿಲ ಬಳಿ ಬಂದು, ಕೋಪದಲ್ಲಿ ಇದನ್ನು ತಮ್ಮನಿಗೆ ಹೇಳಿದ್ದೇ ಅವಳು ಮಾಡಿದ ತಪ್ಪು.

“ಅಮ್ಮನ ಪಾಲಿಗೆ ನಾನು ಅಲ್ಲೇ ಇದ್ದೆ ತಾನೇ ಅಕ್ಕಾ?” ತಮ್ಮ ಕಾಲರ್ ಸರಿಮಾಡಿಕೊಂಡ. “ಅವಳು ನಂಬಿ ಹೋದ್ಲು. ನಂಬಿದ ಮೇಲೆ ಅದು ಸತ್ಯಾನೇ.”

“ಸುಳ್ಳಾಡಲ್ಲ ಅಂತ ಎದ್ದು ಹೋದೋನು ನೀನು.”

“ಅವತ್ತು ನಾನು ಕುರುಡನಾಗಿದ್ದೆ.”

“ಕುರುಡನಾಗಿದ್ರೆ ತಡಕಾಡ್ತಿದ್ದೆ. ನೀನು ನೆಟ್ಟಗೆ ಬಾಗಿಲಿಗೇ ಹೋದೆ.”

ತಮ್ಮ ನಕ್ಕ. ಕ್ಷಮಿಸುವುದನ್ನು ಇತ್ತೀಚೆಗೆ ಕಲಿತವರ ನಗು ಅದು, ನೋಡಿದರೆ ಮೈ ಉರಿಯುತ್ತದೆ. “ನೀನು ಮುಂದಿನ ಸಾಲಲ್ಲಿ ಕೂತು ತಲೆಯಾಡಿಸಿದ್ರೆ ಸಾಕು. ನಿನಗೇನು ಕಷ್ಟ? ದೇವರೇ ಇಲ್ಲ ಅನ್ನೋಳಿಗೆ ಪಾಪದ ಭಯ ಯಾಕೆ?”

“ನಾನು ನಂಬಲ್ಲ, ನಿಜ. ಆದ್ರೂ ಸಾಯೋ ಅಮ್ಮನಿಗೆ ಸುಳ್ಳು ಹೇಳಿದೀನಿ. ಆ ಸುಳ್ಳು ನಂದು ಕಣೋ. ಅದನ್ನ ನಾನೇ ಹೊತ್ಕೋತೀನಿ, ನೀನು ನಿನ್ನ ಪುಣ್ಯ ಮಾಡ್ಕೋಬೇಡ.” ಅಕ್ಕ ಅಂಗೈಯ ಸೂಜಿಯೊಂದನ್ನು ಕೋಟಿನ ಬೆನ್ನಿಗೆ ಚುಚ್ಚಿದಳು. “ಬೇರೆ ಏನು ಬೇಕಾದ್ರೂ ಹೇಳ್ಕೋ. ಆ ಮಧ್ಯಾಹ್ನ ಒಂದನ್ನ ಬಿಟ್ಬಿಡು.”

“ಅದನ್ನ ಬಿಟ್ರೆ ಉಳಿಯೋದೇನು? ಎಲ್ಲರೂ ಅಳೋದು ಅಲ್ಲೇ ಅಕ್ಕಾ.”

ಅವನ ಬಾಯಿಂದ ಅಂದು ಹೊರಟ ಮೊದಲ ನಿಜ ಅದು. “ಹಾಗಾದ್ರೆ ನಾನು ಬರಲ್ಲ” ಎಂದಳು ಅಕ್ಕ.

“ಬರದಿದ್ರೂ ನಡೆಯುತ್ತೆ. ಖಾಲಿ ಕುರ್ಚಿ ತೋರಿಸಿ, ಕಳೆದುಹೋದ ನನ್ನ ಅಕ್ಕನಿಗಾಗಿ ಪ್ರಾರ್ಥಿಸಿ ಅಂತೀನಿ.”

ಕೋಟನ್ನು ಅವನ ಮೈಮೇಲಿಂದ ಕಿತ್ತೆಸೆಯಬೇಕು ಅನ್ನಿಸಿತು ಅವಳಿಗೆ. ಆದರೆ ಕೈಗೆ ಅಮ್ಮ ಕಲಿಸಿದ ಅಭ್ಯಾಸ ಬಲವಾಗಿತ್ತು. ಈ ಬಟ್ಟೆ ತೊಟ್ಟವರ ಕೈ ಏನು ಕೆಲಸ ಮಾಡಬೇಕು ಎಂದು ನೋಡದೆ ಅಮ್ಮ ಯಾರದಕ್ಕೂ ಕಡೆಯ ಹೊಲಿಗೆ ಹಾಕಿದವಳಲ್ಲ. ಗಾಡಿ ಓಡಿಸುವವನಿಗೆ ತೋಳು ಚಾಚಿಸುತ್ತಿದ್ದಳು, ಮೂಟೆ ಹೊರುವವನನ್ನು ಬಗ್ಗಿಸುತ್ತಿದ್ದಳು.

“ಕೈ ಜೋಡಿಸು, ನೋಡೋಣ” ಎಂದಳು ಅಕ್ಕ.

ತಮ್ಮ ಎರಡೂ ಕೈಗಳನ್ನು ಎದೆಯ ಮುಂದೆ ತಂದ. ಕೋಟಿನ ಬೆನ್ನು ಬಿಗಿಯಿತು, ಕಚ್ಚಾ ಹೊಲಿಗೆ ಪಟಪಟನೆ ಬಿಟ್ಟಿತು. ಅಂಗೈಗಳು ಗೇಣು ದೂರದಲ್ಲೇ ನಿಂತುಬಿಟ್ಟವು.

“ಬೆನ್ನಲ್ಲಿ ಸ್ವಲ್ಪ ಸಡಿಲ ಬಿಡ್ಬೇಕು. ಇಲ್ಲದಿದ್ರೆ ಕೈ ಸೇರಲ್ಲ.”

ತಮ್ಮ ಕತ್ತು ತಿರುಗಿಸಿ, ಕನ್ನಡಿಯಲ್ಲಿ ತನ್ನ ಬೆನ್ನನ್ನು ಎಡದಿಂದಲೂ ಬಲದಿಂದಲೂ ನೋಡಿಕೊಂಡ.

“ಬೇಡ ಅಕ್ಕಾ, ವಿಡಿಯೋದಲ್ಲಿ ಜೋತುಬಿದ್ದ ಹಾಗೆ ಕಾಣುತ್ತೆ. ಹೇಗೂ ಒಂದು ಕೈಲಿ ಮೈಕ್ ಇರುತ್ತಲ್ಲ.”